ಉಣ್ಣೆಯ ವಿರುದ್ಧ ಜಾನುವಾರುಗಳಿಗೆ ಲಸಿಕೆ: ತಯಾರಿ, ಡೋಸ್ ಮತ್ತು ನಂತರದ ನಿಗಾ

ಉಣ್ಣೆಯ ಲಸಿಕೆ ಹಾಕಿಸಿದ ಮರುದಿನ ಹಸುವಿನ ಮೈಮೇಲಿನ ಉಣ್ಣೆಗಳು ಉದುರಿ ಬೀಳುವುದಿಲ್ಲ, ವಾರ ಕಳೆದರೂ ಬೀಳುವುದಿಲ್ಲ. ಇದನ್ನು ಎಲ್ಲಕ್ಕಿಂತ ಮೊದಲು ಹೇಳಬೇಕಾಗಿದೆ. ಲಸಿಕೆಯೆಂದರೆ ಸಿಂಪರಣೆಯ ಔಷಧಿಗೆ ಬದಲಿ ಎಂದು ತಿಳಿದು ಹಾಕಿಸಿದವರು ತಿಂಗಳೊಳಗೆ ಬೇಸರಗೊಂಡು ಎರಡನೆಯ ಡೋಸನ್ನೇ ಕೈಬಿಡುತ್ತಾರೆ, ಆಗ ಮೊದಲ ಡೋಸಿಗೆ ಪಟ್ಟ ಶ್ರಮವೂ ಮಾಡಿದ ಖರ್ಚೂ ನೀರುಪಾಲಾಗುತ್ತದೆ. ಈ ಲಸಿಕೆಯ ನಿಜವಾದ ಗುರಿ ಮೇವಿನ ಬಯಲಿನಲ್ಲಿ ಹುಟ್ಟಬೇಕಾಗಿರುವ ಮುಂದಿನ ಪೀಳಿಗೆಯ ಉಣ್ಣೆಗಳು. ಆದ್ದರಿಂದ ಇದನ್ನು ಒಂದು ಹಸುವಿಗೆ ಕೊಡುವ ಚಿಕಿತ್ಸೆಯಂತೆ ನೋಡದೆ, ಇಡೀ ಮಂದೆಗೆ ಕನಿಷ್ಠ ಒಂದು ವರ್ಷದ ಮಟ್ಟಿಗೆ ಹಾಕಿಕೊಳ್ಳುವ ಯೋಜನೆಯಂತೆ ನೋಡಬೇಕು. ಮುಂದಿನ ಹಂತಗಳನ್ನೆಲ್ಲ ಆ ದೃಷ್ಟಿಯಿಂದಲೇ ವಿವರಿಸಲಾಗಿದೆ.

ಲಸಿಕೆ ಉಣ್ಣೆಯನ್ನು ತಟ್ಟುವ ಬಗೆ

ಬೇರೆ ಲಸಿಕೆಗಳು ಪ್ರಾಣಿಯ ದೇಹದೊಳಗೆ ನುಗ್ಗುವ ರೋಗಾಣುವನ್ನು ಎದುರಿಸಲು ದೇಹವನ್ನು ಸಜ್ಜುಗೊಳಿಸುತ್ತವೆ. ಉಣ್ಣೆ ಹಸುವಿನ ದೇಹದೊಳಗೆ ಹೋಗುವುದೇ ಇಲ್ಲ. ಹಸುವಿನ ರಕ್ತವೇ ಉಣ್ಣೆಯ ಹೊಟ್ಟೆ ಸೇರುತ್ತದೆ. ಆಸ್ಟ್ರೇಲಿಯದ ಸಿಎಸ್‌ಐಆರ್‌ಒ ಸಂಸ್ಥೆಯ ವಿಜ್ಞಾನಿಗಳು 1980ರ ದಶಕದಲ್ಲಿ ಇದನ್ನೇ ಆಧಾರವಾಗಿಟ್ಟುಕೊಂಡು ಉಣ್ಣೆಯ ಕರುಳಿನ ಒಳಗೋಡೆಯ ಜೀವಕೋಶಗಳ ಮೇಲಿರುವ ಒಂದು ಪ್ರೋಟೀನನ್ನು ಗುರುತಿಸಿದರು. ಅದಕ್ಕೆ ಬಿಎಂ86 ಎಂಬ ಹೆಸರು ಬಂತು. ಈ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ಬ್ಯಾಕ್ಟೀರಿಯ ಅಥವಾ ಯೀಸ್ಟ್‌ಗಳ ಮೂಲಕ ತಯಾರಿಸಿ ಹಸುವಿಗೆ ಚುಚ್ಚಿದಾಗ ಹಸುವಿನ ರಕ್ತದಲ್ಲಿ ಅದರ ವಿರುದ್ಧ ಹೋರಾಡುವ ಪ್ರತಿಕಾಯಗಳು (ಆಂಟಿಬಾಡಿ) ಹುಟ್ಟಿಕೊಳ್ಳುತ್ತವೆ. ಅಂಥ ರಕ್ತವನ್ನು ಹೀರಿದ ಉಣ್ಣೆಯ ಕರುಳಿನ ಗೋಡೆಗೆ ಆ ಪ್ರತಿಕಾಯಗಳು ಅಂಟಿಕೊಂಡು ಜೀವಕೋಶಗಳನ್ನು ಹಾಳುಮಾಡುತ್ತವೆ. ಕರುಳು ಸೋರಿ ರಕ್ತ ಉಣ್ಣೆಯ ದೇಹದೊಳಗೆಲ್ಲ ಹರಡುತ್ತದೆ. ಕೆಲವು ಉಣ್ಣೆಗಳು ಅಲ್ಲೇ ಸಾಯುತ್ತವೆ. ಬದುಕಿ ಉಳಿದವು ಪೂರ್ತಿ ರಕ್ತ ತುಂಬಿಕೊಳ್ಳಲಾರದೆ ತೂಕ ಕಡಿಮೆಯಾಗಿ ಕೆಳಗೆ ಬೀಳುತ್ತವೆ, ಇಡುವ ಮೊಟ್ಟೆಗಳೂ ಕಡಿಮೆ, ಮೊಟ್ಟೆಯೊಡೆದು ಹೊರಬರುವ ಮರಿಗಳೂ ಕಡಿಮೆ.

ಈ ಪ್ರೋಟೀನು ಉಣ್ಣೆಯ ಹೊಟ್ಟೆಯೊಳಗೆ ಅಡಗಿರುವುದರಿಂದ ಒಂದು ತೊಡಕು ಹುಟ್ಟುತ್ತದೆ. ಉಣ್ಣೆ ಕಚ್ಚುವಾಗ ಹಸುವಿನ ರಕ್ತಕ್ಕೆ ಸೇರುವುದು ಅದರ ಜೊಲ್ಲು ಮಾತ್ರ, ಕರುಳಿನ ಪ್ರೋಟೀನು ಸೇರುವುದಿಲ್ಲ. ಹಾಗಾಗಿ ಲಸಿಕೆ ಪಡೆದ ಹಸುವಿಗೆ ದಿನವೂ ಸಾವಿರ ಉಣ್ಣೆ ಕಚ್ಚಿದರೂ ಅದರ ರೋಗನಿರೋಧಕ ವ್ಯವಸ್ಥೆಗೆ ಬಿಎಂ86ರ ನೆನಪು ಮರುಕಳಿಸುವುದಿಲ್ಲ, ಪ್ರತಿಕಾಯಗಳ ಮಟ್ಟ ತಿಂಗಳಿಂದ ತಿಂಗಳಿಗೆ ಇಳಿಯುತ್ತಲೇ ಹೋಗುತ್ತದೆ. ಇಳಿದ ಮಟ್ಟವನ್ನು ಮತ್ತೆ ಏರಿಸಲು ಕೊಡುವ ವರ್ಧಕ (ಬೂಸ್ಟರ್) ಡೋಸುಗಳನ್ನು ಏಕೆ ತಪ್ಪಿಸಬಾರದು ಎಂಬುದಕ್ಕೆ ಇಷ್ಟೇ ಕಾರಣ, ಮತ್ತು ಇದಕ್ಕಿಂತ ದೊಡ್ಡ ಕಾರಣ ಬೇಕಾಗಿಲ್ಲ.

ಮೊದಲ ಹಂತ: ಯಾವ ಉಣ್ಣೆ ಎಂದು ತಿಳಿದುಕೊಳ್ಳುವುದು

ಬಿಎಂ86 ಲಸಿಕೆ ಎಲ್ಲ ಜಾತಿಯ ಉಣ್ಣೆಗಳಿಗೂ ಒಂದೇ ರೀತಿ ತಾಗುವುದಿಲ್ಲ. ಅದನ್ನು ರೂಪಿಸಿದ್ದು ದನದ ಉಣ್ಣೆಯೆಂದೇ ಪ್ರಸಿದ್ಧವಾದ ರಿಪಿಸೆಫಾಲಸ್ ಮೈಕ್ರೋಪ್ಲಸ್ ವಿರುದ್ಧ. ಅದೇ ಕುಲದ ರಿಪಿಸೆಫಾಲಸ್ ಆನ್ಯುಲೇಟಸ್ ಮೇಲೆ ಅದರ ಪರಿಣಾಮ ಇನ್ನೂ ತೀವ್ರ. ಆದರೆ ಆಫ್ರಿಕದಲ್ಲಿ ಹೆಚ್ಚಾಗಿ ಕಾಣುವ ಆಂಬ್ಲಿಯೊಮಾ ವೇರಿಗೇಟಮ್ ಮತ್ತು ರಿಪಿಸೆಫಾಲಸ್ ಅಪೆಂಡಿಕ್ಯುಲೇಟಸ್ ಮೇಲೆ ಪ್ರಯೋಗಗಳಲ್ಲಿ ಫಲ ಸಿಕ್ಕಿಲ್ಲ. ಹಯಾಲೊಮಾ ಕುಲದ ಉಣ್ಣೆಗಳಲ್ಲಿ ಫಲ ಜಾತಿಯಿಂದ ಜಾತಿಗೆ ಬದಲಾಗುತ್ತದೆ. ಒಂದೇ ಜಾತಿಯೊಳಗೂ ಊರಿಂದ ಊರಿಗೆ ವ್ಯತ್ಯಾಸವಿರುತ್ತದೆ. ಅರ್ಜೆಂಟೀನಾದಲ್ಲಿ ಸಿಕ್ಕ ಒಂದು ತಳಿಯ ದನದ ಉಣ್ಣೆಗೆ ಬಿಎಂ86 ಸರಿಯಾಗಿ ತಾಗದಿದ್ದುದರಿಂದಲೇ ಬಿಎಂ95 ಎಂಬ ಇನ್ನೊಂದು ರೂಪವನ್ನು ಹುಡುಕಿ ತೆಗೆಯಬೇಕಾಯಿತು.

ಆದ್ದರಿಂದ ಮಂದೆಯ ನಾಲ್ಕಾರು ರಾಸುಗಳ ಮೈಯ ಬೇರೆ ಬೇರೆ ಭಾಗಗಳಿಂದ, ಅಂದರೆ ಕಿವಿಯ ಒಳಗು, ಗಂಗೆದೊಗಲು, ಕೆಚ್ಚಲು, ತೊಡೆಸಂದು, ಬಾಲದ ಬುಡ ಇವುಗಳಿಂದ ಉಣ್ಣೆಗಳನ್ನು ಚಿಮುಟದಲ್ಲಿ ಹಿಡಿದು, ಚರ್ಮಕ್ಕೆ ಆದಷ್ಟು ಹತ್ತಿರದಿಂದ ನೇರವಾಗಿ ಎಳೆದು ತೆಗೆಯಬೇಕು. ಅವುಗಳನ್ನು ಶೇಕಡ 70ರ ಆಲ್ಕೋಹಾಲ್ ತುಂಬಿದ ಸಣ್ಣ ಶೀಶೆಗೆ ಹಾಕಿ, ದಿನಾಂಕ ಬರೆದು, ಪಶುವೈದ್ಯರಿಗೆ ಅಥವಾ ರೋಗಪತ್ತೆ ಪ್ರಯೋಗಾಲಯಕ್ಕೆ ಕೊಡಬೇಕು. ಕೈಗವಸು ಹಾಕಿಕೊಳ್ಳದೆ ಈ ಕೆಲಸ ಮಾಡಬಾರದು, ಉಣ್ಣೆಯನ್ನು ಉಗುರಿನಿಂದ ಹೊಸಕಲೂ ಬಾರದು. ಹಯಾಲೊಮಾ ಉಣ್ಣೆಗಳು ಮನುಷ್ಯರಿಗೆ ಕ್ರಿಮಿಯನ್ ಕಾಂಗೊ ರಕ್ತಸ್ರಾವ ಜ್ವರವನ್ನು ಹರಡಬಲ್ಲವು, ಒಡೆದ ಉಣ್ಣೆಯ ರಸ ಕೈಯ ಸಣ್ಣ ಗಾಯವೊಂದಕ್ಕೆ ತಾಗಿದರೂ ಅಪಾಯ. ಜಾತಿಯ ನಿರ್ಣಯವನ್ನು ತಜ್ಞರಿಗೇ ಬಿಡುವುದು ಒಳ್ಳೆಯದಾದರೂ ಒಂದು ಅಂದಾಜು ಮಾಡಿಕೊಳ್ಳಬಹುದು: ದನದ ಉಣ್ಣೆಯ ಮೂತಿ ಗಿಡ್ಡ, ಕಾಲುಗಳು ತೆಳು, ಬೆನ್ನ ಮೇಲೆ ಚಿತ್ತಾರವಿಲ್ಲ, ಹಯಾಲೊಮಾದ ಮೂತಿ ಉದ್ದ, ಕಾಲುಗಳ ಮೇಲೆ ಸಾಮಾನ್ಯವಾಗಿ ಬಿಳಿಚಿದ ಪಟ್ಟೆಗಳಿರುತ್ತವೆ, ಆಂಬ್ಲಿಯೊಮಾ ದೊಡ್ಡದು, ಬೆನ್ನು ಬಣ್ಣಬಣ್ಣದ್ದು.

ಎರಡನೆಯ ಹಂತ: ಸರಿಯಾದ ಲಸಿಕೆಯನ್ನೇ ಪಡೆಯುವುದು

ಇಲ್ಲಿ ದೊಡ್ಡ ಗೊಂದಲವೊಂದಿದೆ. ಉಣ್ಣೆಯ ವಿರುದ್ಧದ ಲಸಿಕೆ ಬೇರೆ, ಉಣ್ಣೆ ಹರಡುವ ರೋಗಗಳ ವಿರುದ್ಧದ ಲಸಿಕೆ ಬೇರೆ. ಥೈಲೇರಿಯ ರೋಗಕ್ಕೆ, ಬೆಬೀಸಿಯ ರೋಗಕ್ಕೆ, ಅನಾಪ್ಲಾಸ್ಮ ರೋಗಕ್ಕೆ ಪ್ರತ್ಯೇಕ ಲಸಿಕೆಗಳಿವೆ; ಅವು ಆಯಾ ರೋಗದಿಂದ ರಕ್ಷಣೆ ಕೊಡುತ್ತವೆಯೇ ಹೊರತು ಮೈಮೇಲಿನ ಒಂದು ಉಣ್ಣೆಯನ್ನೂ ಕಡಿಮೆ ಮಾಡುವುದಿಲ್ಲ. ಹಾಗೆಯೇ ಬಿಎಂ86 ಲಸಿಕೆ ಈ ರೋಗಾಣುಗಳನ್ನು ನೇರವಾಗಿ ತಡೆಯುವುದಿಲ್ಲ. ‘ಉಣ್ಣೆ ಜ್ವರದ ಲಸಿಕೆ’ ಎಂದು ಅಂಗಡಿಯಲ್ಲಿ ಕೇಳಿದರೆ ಯಾವುದು ಕೈಗೆ ಬರುತ್ತದೆಂದು ಹೇಳಲಾಗದು. ಶೀಶೆಯ ಮೇಲಿನ ಚೀಟಿಯಲ್ಲಿ ಯಾವ ಪ್ರತಿಜನಕವಿದೆ (ಅಂದರೆ ಬಿಎಂ86ರಂತೆ ಪ್ರತಿಕಾಯ ಹುಟ್ಟಿಸುವ ಯಾವ ವಸ್ತುವಿದೆ), ಯಾವ ಉಣ್ಣೆಗೆ ಅಥವಾ ಯಾವ ರೋಗಕ್ಕೆ ಎಂಬುದನ್ನು ಓದಿಯೇ ಮುಂದುವರಿಯಬೇಕು.

ಬಿಎಂ86 ಆಧಾರಿತ ಲಸಿಕೆಗಳಲ್ಲಿ ಹೆಸರಾದವು ಎರಡು. ಆಸ್ಟ್ರೇಲಿಯದ ಟಿಕ್‌ಗಾರ್ಡ್ 1994ರಲ್ಲಿ ಬಳಕೆಗೆ ಬಂತು, ಈಗ ಅದು ಅಲ್ಲಿನ ಮಾರುಕಟ್ಟೆಯಲ್ಲಿಲ್ಲ. ಉಣ್ಣೆಯ ಕಾಲದಲ್ಲಿ ಎರಡೂವರೆ ಮೂರು ತಿಂಗಳಿಗೊಮ್ಮೆ ವರ್ಧಕ ಡೋಸ್ ಬೇಕಾಗುತ್ತಿದ್ದುದು ದೊಡ್ಡ ಬಯಲುಗಳಲ್ಲಿ ಚದುರಿ ಮೇಯುವ ಮಂದೆಗಳಿಗೆ ಹೊಂದುವಂಥದ್ದಾಗಿರಲಿಲ್ಲ. ಕ್ಯೂಬಾದ ಹವಾನಾದಲ್ಲಿರುವ ತಳಿ ತಂತ್ರಜ್ಞಾನ ಮತ್ತು ಜೈವಿಕ ತಂತ್ರಜ್ಞಾನ ಕೇಂದ್ರ ರೂಪಿಸಿದ ಗವಾಕ್ ಅದೇ ದಶಕದ ಮೊದಲರ್ಧದಲ್ಲಿ ಬಂದು ಲ್ಯಾಟಿನ್ ಅಮೆರಿಕದ ಹಲವೆಡೆ ಬಳಕೆಯಾಯಿತು. ಎಷ್ಟೋ ದೇಶಗಳಲ್ಲಿ ಇಂಥ ಯಾವ ಲಸಿಕೆಗೂ ಇನ್ನೂ ಪರವಾನಗಿ ಇಲ್ಲ. ಪರವಾನಗಿ ಇಲ್ಲದ ಕಡೆ ಯಾರೋ ತರಿಸಿಕೊಟ್ಟ ಶೀಶೆಯನ್ನು ನಂಬಿ ಮಂದೆಗೆ ಚುಚ್ಚಿಸುವುದು ಕಾನೂನಿಗೂ ವಿರುದ್ಧ, ವಿವೇಕಕ್ಕೂ ವಿರುದ್ಧ. ದಾರಿಯುದ್ದಕ್ಕೂ ಅದು ತಂಪಿನಲ್ಲಿ ಇತ್ತೇ ಎಂಬುದನ್ನು ಖಚಿತಪಡಿಸಿಕೊಳ್ಳುವ ಉಪಾಯವೇ ಇರುವುದಿಲ್ಲ. ಲಸಿಕೆ ಸಿಗದ ಕಡೆಯ ರೈತರಿಗೂ ಈ ಲೇಖನದಲ್ಲಿ ಮುಂದೆ ಬರುವ ಎಣಿಕೆ ಮತ್ತು ದಾಖಲೆಯ ಭಾಗ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಮೂರನೆಯ ಹಂತ: ಕಾಲವನ್ನು ಹಿಂದಿನಿಂದ ಲೆಕ್ಕ ಹಾಕುವುದು

ದನದ ಉಣ್ಣೆ ತನ್ನ ಮರಿ, ನಡುಹಂತ ಮತ್ತು ಪ್ರೌಢಾವಸ್ಥೆಗಳನ್ನು ಒಂದೇ ಹಸುವಿನ ಮೈಮೇಲೆ ಸುಮಾರು 3 ವಾರಗಳಲ್ಲಿ ಮುಗಿಸುತ್ತದೆ. ರಕ್ತ ಕುಡಿದು ಉಬ್ಬಿದ ಹೆಣ್ಣು ಕೆಳಗೆ ಬಿದ್ದು, ಕೆಲವೇ ದಿನಗಳಲ್ಲಿ ಮೊಟ್ಟೆಯಿಡಲು ತೊಡಗಿ, 2000ದಿಂದ 3000ದವರೆಗೆ ಮೊಟ್ಟೆಯಿಟ್ಟು ಸಾಯುತ್ತದೆ. ಬೆಚ್ಚಗಿನ ತೇವದ ವಾತಾವರಣದಲ್ಲಿ ಮೂರು ನಾಲ್ಕು ವಾರಗಳಲ್ಲಿ ಮೊಟ್ಟೆಯೊಡೆಯುತ್ತದೆ, ಮರಿಗಳು ಹುಲ್ಲಿನ ತುದಿಗೇರಿ ಹಸು ಬರುವುದನ್ನೇ ಕಾಯುತ್ತ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕುತ್ತವೆ. ಇದರ ಅರ್ಥ, ಲಸಿಕೆಯ ಪ್ರಭಾವದಿಂದ ಇಂದು ಮೊಟ್ಟೆಗಳು ಕಡಿಮೆಯಾದರೂ ಹಿಂದಿನ ಪೀಳಿಗೆಯ ಮರಿಗಳು ಇನ್ನೂ ಹುಲ್ಲಿನಲ್ಲಿರುತ್ತವೆ, ಅವು ಮುಗಿಯುವವರೆಗೆ ಹಸುವಿನ ಮೈಮೇಲೆ ಹೇಳಿಕೊಳ್ಳುವ ವ್ಯತ್ಯಾಸ ಕಾಣುವುದಿಲ್ಲ.

ಗವಾಕ್ ಲಸಿಕೆಯ ಬಳಕೆಯಲ್ಲಿರುವ ಕ್ರಮ ಹೀಗಿದೆ: ಮೊದಲ ದಿನ ಒಂದು ಡೋಸ್, 4ನೆಯ ವಾರ ಎರಡನೆಯದು, 7ನೆಯ ವಾರ ಮೂರನೆಯದು, ಆಮೇಲೆ 6 ತಿಂಗಳಿಗೊಮ್ಮೆ ವರ್ಧಕ ಡೋಸ್. ಪ್ರತಿ ಡೋಸಿನ ಪ್ರಮಾಣ 2 ಮಿ.ಲೀ., ಸ್ನಾಯುವಿನೊಳಗೆ. ಬೇರೆ ತಯಾರಿಕೆಯಾದರೆ ಕ್ರಮವೂ ಬೇರೆಯಾಗಬಹುದು, ಆಗ ಅದರ ಚೀಟಿಯಲ್ಲಿರುವುದೇ ಅಂತಿಮ. ಪ್ರತಿಕಾಯಗಳು ಒಳ್ಳೆಯ ಮಟ್ಟಕ್ಕೆ ಏರುವುದು ಕೊನೆಯ ಡೋಸಿನ ನಂತರದ ವಾರಗಳಲ್ಲಿ. ಆದ್ದರಿಂದ ತಮ್ಮ ಪ್ರದೇಶದಲ್ಲಿ ಉಣ್ಣೆಯ ಹಾವಳಿ ಏರತೊಡಗುವ ತಿಂಗಳನ್ನು ಗುರುತಿಸಿ, ಅಲ್ಲಿಂದ ಕನಿಷ್ಠ 10 ವಾರ ಹಿಂದಕ್ಕೆ ಎಣಿಸಿ ಮೊದಲ ಡೋಸಿನ ದಿನವನ್ನು ನಿಗದಿ ಮಾಡಬೇಕು. ಮೈತುಂಬ ಉಣ್ಣೆ ಹತ್ತಿದ ಮೇಲೆ ಲಸಿಕೆಯ ಯೋಚನೆ ಮಾಡಿದರೆ ಆ ವರ್ಷದ ಹಾವಳಿಯನ್ನು ಔಷಧಿಯಿಂದಲೇ ಎದುರಿಸಬೇಕಾಗುತ್ತದೆ.

ದಿನಗಳನ್ನು ಗೊತ್ತುಮಾಡುವಾಗಲೇ ಬೇರೆ ಲಸಿಕೆಗಳ ದಿನಾಂಕಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು. ಕಾಲುಬಾಯಿ ರೋಗ, ಗಳಲೆ ರೋಗ ಮುಂತಾದವುಗಳ ಲಸಿಕೆಯೊಡನೆ ಒಂದೇ ಸಿರಿಂಜಿನಲ್ಲಿ ಬೆರೆಸಿ ಕೊಡುವುದು ಸಲ್ಲದು. ಎರಡರ ನಡುವೆ ಎಷ್ಟು ಅಂತರ ಬೇಕೆಂಬುದನ್ನು ಪಶುವೈದ್ಯರು ತೀರ್ಮಾನಿಸುತ್ತಾರೆ.

ನಾಲ್ಕನೆಯ ಹಂತ: ಲಸಿಕೆಗೆ ಮುಂಚಿನ ಎಣಿಕೆ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು, ಆದರೆ ಇದಿಲ್ಲದೆ ಲಸಿಕೆ ಫಲಿಸಿತೇ ಎಂಬ ಪ್ರಶ್ನೆಗೆ ಉತ್ತರವೇ ಇರುವುದಿಲ್ಲ. ಉಣ್ಣೆ ಕಡಿಮೆಯಾದದ್ದು ಲಸಿಕೆಯಿಂದಲೋ, ಆ ವರ್ಷದ ಒಣಹವೆಯಿಂದಲೋ ಎಂದು ತಿಳಿಯಲು ಲೆಕ್ಕ ಬೇಕು.

ಮಂದೆಯಿಂದ ಹತ್ತು ರಾಸುಗಳನ್ನು ಆರಿಸಿ, ಅವುಗಳ ಕಿವಿಯೋಲೆ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು. ಮಂದೆ ಚಿಕ್ಕದಾದರೆ ಎಲ್ಲವನ್ನೂ ಎಣಿಸಬಹುದು. ಎಣಿಕೆಗೆ ಬೆಳಗಿನ ಜಾವವೇ ತಕ್ಕ ಸಮಯ, ಏಕೆಂದರೆ ಪೂರ್ತಿ ಉಬ್ಬಿದ ಹೆಣ್ಣು ಉಣ್ಣೆಗಳು ಬಹುಪಾಲು ಬೆಳಗಿನ ಹೊತ್ತಿನಲ್ಲೇ ಕಳಚಿ ಬೀಳುತ್ತವೆ, ಬಿಸಿಲೇರಿದ ಮೇಲೆ ಎಣಿಸಿದರೆ ಸಂಖ್ಯೆ ತಪ್ಪುತ್ತದೆ. ಹಸುವಿನ ಒಂದು ಮಗ್ಗುಲನ್ನಷ್ಟೇ, ಕಿವಿಯಿಂದ ಬಾಲದ ಬುಡದವರೆಗೆ, ಕೈಯಾಡಿಸಿ ನೋಡುತ್ತ 4.5 ಮಿ.ಮೀ.ನಿಂದ 8 ಮಿ.ಮೀ. ಉದ್ದದ ಹೆಣ್ಣು ಉಣ್ಣೆಗಳನ್ನು ಮಾತ್ರ ಎಣಿಸಿ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಬೇಕು. ಈ ಗಾತ್ರವನ್ನೇ ಏಕೆ ಹಿಡಿಯಬೇಕೆಂದರೆ, ಅವು ಸುಮಾರು ಒಂದು ದಿನದೊಳಗೆ ಕೆಳಗೆ ಬೀಳಲಿರುವ ಉಣ್ಣೆಗಳು. ಆದ್ದರಿಂದ ಆ ಸಂಖ್ಯೆ ಒಂದು ಹಸು ಒಂದು ದಿನದಲ್ಲಿ ಬಯಲಿಗೆ ಎಷ್ಟು ಮೊಟ್ಟೆಯಿಡುವ ಉಣ್ಣೆಗಳನ್ನು ಕಳುಹಿಸುತ್ತಿದೆ ಎಂಬುದನ್ನು ಹೇಳುತ್ತದೆ. ಒಂದು ಕಡ್ಡಿಯ ಮೇಲೆ 4.5 ಮತ್ತು 8 ಮಿ.ಮೀ. ದೂರಕ್ಕೆ ಗೆರೆ ಕೊರೆದಿಟ್ಟುಕೊಂಡರೆ ಕಣ್ಣಂದಾಜಿನ ತೊಂದರೆ ತಪ್ಪುತ್ತದೆ.

ಲಸಿಕೆಗೆ ಮುಂಚೆ ಎರಡು ಮೂರು ಬಾರಿ, ಆಮೇಲೆ 15 ದಿನಕ್ಕೊಮ್ಮೆ, ಅವೇ ರಾಸುಗಳನ್ನು ಅದೇ ಹೊತ್ತಿನಲ್ಲಿ ಸಾಧ್ಯವಾದರೆ ಒಬ್ಬರೇ ಎಣಿಸಬೇಕು. ಪುಸ್ತಕದಲ್ಲಿ ದಿನಾಂಕ, ರಾಸಿನ ಸಂಖ್ಯೆ, ಉಣ್ಣೆಯ ಸಂಖ್ಯೆ, ಹಿಂದಿನ ಬಾರಿ ಔಷಧಿ ಹಾಕಿದ ದಿನ ಮತ್ತು ಔಷಧಿಯ ಹೆಸರು ಇಷ್ಟು ಇದ್ದರೆ ಸಾಕು.

ಐದನೆಯ ಹಂತ: ಮಂದೆಯನ್ನು ಸಜ್ಜುಗೊಳಿಸುವುದು

ಒಂದೇ ಬಯಲಿನಲ್ಲಿ ಮೇಯುವ ಎಲ್ಲ ರಾಸುಗಳಿಗೂ ಲಸಿಕೆ ಆಗಬೇಕು. ಅರ್ಧ ಮಂದೆಗೆ ಹಾಕಿಸಿ ಅರ್ಧವನ್ನು ಬಿಟ್ಟರೆ, ಬಿಟ್ಟ ರಾಸುಗಳ ಮೈಯಿಂದ ಬಿದ್ದ ಉಣ್ಣೆಗಳು ಎಂದಿನಂತೆ ಸಾವಿರಾರು ಮೊಟ್ಟೆಯಿಡುತ್ತವೆ, ಆ ಮರಿಗಳು ಲಸಿಕೆ ಪಡೆದ ರಾಸುಗಳಿಗೂ ಹತ್ತುತ್ತವೆ. ಹಾಲು ಕೊಡುವ ಹಸುಗಳಿಗೆ ಮಾತ್ರ ಹಾಕಿಸಿ ಗೊಡ್ಡು ದನ, ಎತ್ತು, ಕಡಸುಗಳನ್ನು ಕೈಬಿಡುವ ಉಳಿತಾಯ ನಿಜವಾಗಿ ಉಳಿತಾಯವಲ್ಲ. ಪಕ್ಕದ ಮನೆಯ ದನಗಳೂ ಅದೇ ಬಯಲಿಗೆ ಬರುವುದಾದರೆ ಅವರೊಡನೆ ಮಾತಾಡಿ ಒಟ್ಟಾಗಿ ಹಾಕಿಸುವುದು ಒಳಿತು. ಹಣ ಸಾಲದಿದ್ದರೆ ನನ್ನ ಅಭಿಪ್ರಾಯದಲ್ಲಿ ಅರೆಬರೆ ಆರಂಭಿಸುವುದಕ್ಕಿಂತ ಒಂದು ವರ್ಷ ಕಾದು ಎಲ್ಲಕ್ಕೂ ಹಾಕಿಸುವುದೇ ಮೇಲು.

ಜ್ವರವಿರುವ, ಮೇವು ಬಿಟ್ಟಿರುವ, ರಕ್ತಹೀನತೆಯಿಂದ ಬಳಲುವ ರಾಸಿಗೆ ಅಂದು ಲಸಿಕೆ ಬೇಡ. ಕಣ್ಣಿನ ಕೆಳರೆಪ್ಪೆಯನ್ನು ಹೆಬ್ಬೆರಳಿನಿಂದ ಕೆಳಗೆ ಸರಿಸಿ ನೋಡಿದಾಗ ಒಳಪೊರೆ ಕೆಂಗುಲಾಬಿ ಬಣ್ಣವಿರುವ ಬದಲು ಬಿಳಿಚಿಕೊಂಡಿದ್ದರೆ, ಆ ರಾಸಿಗೆ ಮೊದಲು ಬೇಕಾದದ್ದು ಉಣ್ಣೆಯನ್ನು ಇಳಿಸುವ ಔಷಧಿ, ರಕ್ತಪರೀಕ್ಷೆ ಮತ್ತು ಒಳ್ಳೆಯ ಆಹಾರ. ಸೊರಗಿದ ದೇಹ ಲಸಿಕೆಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಜಂತುಹುಳುವಿನ ತೊಂದರೆ ಇದ್ದರೆ ಅದಕ್ಕೂ ಮುಂಚಿತವಾಗಿಯೇ ಔಷಧಿ ಕುಡಿಸಿರಬೇಕು. ತುಂಬುಗಬ್ಬದ ಹಸುಗಳು ಮತ್ತು ಎಳೆಗರುಗಳ ವಿಷಯದಲ್ಲಿ ಚೀಟಿಯ ಸೂಚನೆಯನ್ನು ಓದಿ, ಪಶುವೈದ್ಯರ ಮಾತಿನಂತೆ ನಡೆಯಬೇಕು. ಚೀಟಿ ಅನುಮತಿಸಿದರೂ ದಿನ ತುಂಬಿದ ಹಸುವನ್ನು ಎಳೆದಾಡಿ ಕಟ್ಟಿಹಾಕುವುದು ಒಳ್ಳೆಯದಲ್ಲ, ಕರು ಹಾಕಿದ ಮೇಲೆ ಅದರ ಸರದಿ ಬರಲಿ.

ಆರನೆಯ ಹಂತ: ಲಸಿಕೆ ಕೊಡುವ ದಿನ

ಲಸಿಕೆ 2 ಡಿಗ್ರಿಯಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲೇ ಇರಬೇಕು. ಹೆಪ್ಪುಗಟ್ಟುವುದು ಬಿಸಿಯಷ್ಟೇ ಕೆಡುಕು. ಈ ಲಸಿಕೆಯಲ್ಲಿ ಪ್ರೋಟೀನನ್ನು ಎಣ್ಣೆಯೊಡನೆ ಕಡೆದು ಬೆರೆಸಿರುತ್ತಾರೆ. ಅದು ಒಮ್ಮೆ ಹೆಪ್ಪುಗಟ್ಟಿ ಕರಗಿದರೆ ಎಣ್ಣೆ ಬೇರೆ ನೀರು ಬೇರೆಯಾಗಿ ಒಡೆಯುತ್ತದೆ, ಆಮೇಲೆ ಎಷ್ಟು ಅಲ್ಲಾಡಿಸಿದರೂ ಮೊದಲಿನ ಹದಕ್ಕೆ ಬರುವುದಿಲ್ಲ. ಆದ್ದರಿಂದ ಐಸ್ ಪೆಟ್ಟಿಗೆಯಲ್ಲಿ ಒಯ್ಯುವಾಗ ಶೀಶೆ ಐಸಿಗೆ ನೇರವಾಗಿ ತಾಗದಂತೆ ನಡುವೆ ಬಟ್ಟೆ ಅಥವಾ ಕಾಗದ ಸುತ್ತಬೇಕು. ಒಡೆದ, ಗಂಟುಗಂಟಾದ ಅಥವಾ ಅವಧಿ ಮೀರಿದ ಲಸಿಕೆಯನ್ನು ಬಳಸಬಾರದು.

ತಂಪಿನಿಂದ ತೆಗೆದ ಕೂಡಲೇ ಎಣ್ಣೆಯ ಲಸಿಕೆ ಮಂದವಾಗಿರುತ್ತದೆ, ಸೂಜಿಯಲ್ಲಿ ಸಲೀಸಾಗಿ ಇಳಿಯುವುದಿಲ್ಲ. ಶೀಶೆಯನ್ನು ಎರಡು ಅಂಗೈಗಳ ನಡುವೆ ಹಿಡಿದು ಕೆಲವು ನಿಮಿಷ ಹೊರಳಿಸಿದರೆ ಸಾಕು. ಬಿಸಿನೀರಿನಲ್ಲಿಡುವುದಾಗಲಿ ಬಿಸಿಲಿಗಿಡುವುದಾಗಲಿ ಸಲ್ಲದು. ಮೆಲ್ಲಗೆ ತಲೆಕೆಳಗು ಮಾಡುತ್ತ ಒಂದೇ ಸಮನಾದ ಹಾಲಿನ ಬಣ್ಣ ಬರುವಂತೆ ಕಲಕಬೇಕು. ದೊಡ್ಡ ರಾಸುಗಳಿಗೆ 16 ಅಥವಾ 18 ಗೇಜಿನ ಸೂಜಿ ಸರಿಹೋಗುತ್ತದೆ. ಪ್ರತಿ ರಾಸಿಗೂ ಹೊಸ ಸೂಜಿ ಬಳಸುವುದು ಅತ್ಯಗತ್ಯ, ಏಕೆಂದರೆ ಅನಾಪ್ಲಾಸ್ಮದಂಥ ರಕ್ತದ ರೋಗಾಣುಗಳು ಸೂಜಿಯ ಮೂಲಕವೇ ಒಂದರಿಂದ ಇನ್ನೊಂದಕ್ಕೆ ದಾಟುತ್ತವೆ. ಉಣ್ಣೆಯಿಂದ ಕಾಪಾಡಲು ಹೋಗಿ ಸೂಜಿಯಿಂದ ಅದೇ ರೋಗವನ್ನು ಹಬ್ಬಿಸಿದಂತಾಗಬಾರದು.

ರಾಸನ್ನು ದನ ಕಟ್ಟಿ ನಿಲ್ಲಿಸುವ ಚೌಕಟ್ಟಾದ ಟ್ರೆವಿಸ್‌ನಲ್ಲಿ ನಿಲ್ಲಿಸಿ ತಲೆಯನ್ನು ಭದ್ರವಾಗಿ ಹಿಡಿಸಿಕೊಳ್ಳಬೇಕು. ಕುತ್ತಿಗೆಯ ಪಕ್ಕದ ಸ್ನಾಯು ಸಾಮಾನ್ಯವಾಗಿ ಆರಿಸುವ ಜಾಗ. ಅಲ್ಲಿ ಮಣ್ಣು ಸಗಣಿ ಮೆತ್ತಿದ್ದರೆ ಒರೆಸಿ ಒಣಗಿಸಿ, ಸೂಜಿಯನ್ನು ಒಮ್ಮೆಲೇ ಆಳಕ್ಕೆ ಇಳಿಸಿ, ಸಿರಿಂಜಿನ ಹಿಡಿಯನ್ನು ತುಸು ಹಿಂದಕ್ಕೆಳೆದು ರಕ್ತ ಬರುತ್ತಿಲ್ಲವೆಂದು ನೋಡಿಕೊಂಡು, ನಿಧಾನವಾಗಿ ಪೂರ್ತಿ ಡೋಸನ್ನು ಬಿಡಬೇಕು. ಎರಡನೆಯ ಡೋಸನ್ನು ಕುತ್ತಿಗೆಯ ಇನ್ನೊಂದು ಪಕ್ಕಕ್ಕೆ ಕೊಡುವುದು ವಾಡಿಕೆ. ತೆರೆದ ಶೀಶೆಯಲ್ಲಿ ಉಳಿದದ್ದನ್ನು ಮುಂದಿನ ಬಾರಿಗೆಂದು ಎತ್ತಿಡಬಾರದು.

ಕೊಡುವವರ ಸುರಕ್ಷತೆಯ ಮಾತೊಂದನ್ನು ಒತ್ತಿ ಹೇಳಬೇಕು. ಎಣ್ಣೆಯುಕ್ತ ಲಸಿಕೆ ಆಕಸ್ಮಿಕವಾಗಿ ಮನುಷ್ಯರ ಬೆರಳಿಗೆ ಚುಚ್ಚಿಕೊಂಡರೆ, ಗಾಯ ಕಣ್ಣಿಗೆ ಎಷ್ಟೇ ಚಿಕ್ಕದಾಗಿ ಕಂಡರೂ, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಎಣ್ಣೆ ಒಳಗೆ ಹರಡಿ ತೀವ್ರವಾದ ಬಾವು ಬಂದು ರಕ್ತಸಂಚಾರ ನಿಂತು ಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಲಸಿಕೆಯ ಚೀಟಿಯನ್ನು ಜೊತೆಗೊಯ್ದು, ಅದರಲ್ಲಿ ಎಣ್ಣೆಯಿದೆ ಎಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು.

ಚುಚ್ಚಿದ ನಂತರ ಅರ್ಧ ಗಂಟೆಯಾದರೂ ರಾಸುಗಳನ್ನು ಕಣ್ಣಳತೆಯಲ್ಲಿಟ್ಟುಕೊಳ್ಳಬೇಕು. ಉಸಿರಾಟದ ಕಷ್ಟ, ಜೊಲ್ಲು ಸುರಿಕೆ, ಮುಖದ ಊತ, ತೂರಾಟ ಇವು ಅಲರ್ಜಿಯ ಲಕ್ಷಣಗಳು. ಅಪರೂಪವಾದರೂ ಇವು ಬಂದಾಗ ನಿಮಿಷಗಳ ಲೆಕ್ಕ, ಆದ್ದರಿಂದ ಪಶುವೈದ್ಯರು ಅಡ್ರಿನಲಿನ್ ಚುಚ್ಚುಮದ್ದನ್ನು ಸಿದ್ಧವಾಗಿಟ್ಟುಕೊಂಡೇ ಕೆಲಸ ಆರಂಭಿಸಬೇಕು. ಚುಚ್ಚಿದ ಜಾಗದಲ್ಲಿ ಗಂಟು, ಒಂದೆರಡು ದಿನ ಮೈಬಿಸಿ, ಹಾಲಿನಲ್ಲಿ ಅಲ್ಪ ಇಳಿಕೆ ಇವು ಸಾಮಾನ್ಯ, ತಾವಾಗಿಯೇ ಸರಿಹೋಗುತ್ತವೆ. ಗಂಟು ಬಿಸಿಯಾಗಿ ನೋವಿನಿಂದ ಬೆಳೆಯುತ್ತ ಹೋದರೆ ಕೀವಾಗಿರಬಹುದು, ತೋರಿಸಬೇಕು.

ಏಳನೆಯ ಹಂತ: ಔಷಧಿಯನ್ನು ಯಾವಾಗ, ಎಷ್ಟು ಕಡಿಮೆ ಮಾಡುವುದು

ಲಸಿಕೆ ಆರಂಭಿಸಿದ ದಿನವೇ ಸಿಂಪರಣೆಯನ್ನು ನಿಲ್ಲಿಸಬಾರದು. ಮೊದಲ ಎರಡು ಮೂರು ತಿಂಗಳು ಪ್ರತಿಕಾಯಗಳು ಏರುತ್ತಿರುವಾಗ ಎಂದಿನ ಔಷಧಿ ಮುಂದುವರಿಯಬೇಕು. ನಂತರ ತಾರೀಖು ನೋಡಿ ಔಷಧಿ ಹಾಕುವ ರೂಢಿಯನ್ನು ಬಿಟ್ಟು, ಎಣಿಕೆ ನೋಡಿ ಹಾಕುವ ರೂಢಿಗೆ ಬರಬೇಕು. ಎಷ್ಟು ಉಣ್ಣೆಯಾದಾಗ ಔಷಧಿ ಹಾಕಬೇಕೆಂಬ ಮಿತಿ ತಳಿಯನ್ನೂ ಪ್ರದೇಶದ ರೋಗಗಳನ್ನೂ ಅವಲಂಬಿಸುತ್ತದೆ. ಬೆನ್ನ ಮೇಲೆ ಡುಬ್ಬವಿರುವ ದೇಸಿ ತಳಿಗಳು ತಡೆದುಕೊಳ್ಳುವ ಸಂಖ್ಯೆಯನ್ನು ಯುರೋಪಿನ ತಳಿಗಳೂ ಅವುಗಳ ಮಿಶ್ರತಳಿಗಳೂ ತಡೆದುಕೊಳ್ಳಲಾರವು. ಆ ಮಿತಿಯನ್ನು ಪಶುವೈದ್ಯರೊಡನೆ ಕುಳಿತು ಮೊದಲೇ ಬರೆದಿಟ್ಟುಕೊಳ್ಳಬೇಕು.

ಲಸಿಕೆಯ ದೊಡ್ಡ ಲಾಭ ಇರುವುದು ಇಲ್ಲಿಯೇ. ಡೆಲ್ಟಾಮೆಥ್ರಿನ್, ಸೈಪರ್‌ಮೆಥ್ರಿನ್, ಅಮಿಟ್ರಾಜ್‌ನಂಥ ಔಷಧಿಗಳನ್ನು ಮತ್ತೆ ಮತ್ತೆ ಬಳಸಿದಷ್ಟೂ ಅವುಗಳಿಗೆ ಬಗ್ಗದ ಉಣ್ಣೆಗಳೇ ಉಳಿದು ಬೆಳೆಯುತ್ತವೆ. ಔಷಧಿಯ ಸರದಿಗಳು ಕಡಿಮೆಯಾದರೆ ಇರುವ ಔಷಧಿಗಳ ಆಯುಷ್ಯ ಹೆಚ್ಚುತ್ತದೆ, ಹಾಲಿನಲ್ಲಿ ಔಷಧಿಯ ಅಂಶ ಸೇರುವ ಭಯವೂ ತಗ್ಗುತ್ತದೆ. ಕ್ಯೂಬಾದಲ್ಲಿ 1995ರಿಂದ 2003ರವರೆಗೆ ಸುಮಾರು 5.88 ಲಕ್ಷ ಹಾಲಿನ ರಾಸುಗಳನ್ನೊಳಗೊಂಡ ಕಾರ್ಯಕ್ರಮವೊಂದರಲ್ಲಿ ಗವಾಕ್ ಲಸಿಕೆಯನ್ನು ಔಷಧಿಯ ಮಿತಬಳಕೆಯೊಡನೆ ಸೇರಿಸಿದಾಗ ಔಷಧಿ ಹಾಕುವ ಸರದಿಗಳು ಶೇಕಡ 87ರಷ್ಟು ಇಳಿದುವು. ಔಷಧಿ ಪೂರ್ತಿ ನಿಂತುಹೋಗಲಿಲ್ಲ ಎಂಬುದನ್ನೂ ಆ ಅಂಕಿಯ ಜೊತೆಗೇ ನೆನಪಿಡಬೇಕು.

ಎಂಟನೆಯ ಹಂತ: ಉಣ್ಣೆಯನ್ನೇ ಪರೀಕ್ಷಿಸಿ ನೋಡುವುದು

ಎಣಿಕೆ ಇಳಿಯುವ ಮೊದಲೇ ಲಸಿಕೆ ಹಿಡಿದಿದೆಯೇ ಎಂದು ತಿಳಿಯುವ ಒಂದು ದಾರಿಯಿದೆ. ಸಾಮಾನ್ಯವಾಗಿ ರಕ್ತ ತುಂಬಿಕೊಂಡ ದನದ ಉಣ್ಣೆಯ ಬಣ್ಣ ಬೂದು, ಒಮ್ಮೊಮ್ಮೆ ಹಸಿರು ಬೆರೆತ ಬೂದು. ಚರ್ಮ ಬಿಗಿಯಾಗಿ ಹೊಳೆಯುತ್ತದೆ. ಲಸಿಕೆ ಹಿಡಿದ ಹಸುವಿನ ಮೈಮೇಲೆ ಕೆಲವು ಉಣ್ಣೆಗಳು ಕೆಂಪಗೆ ಕಾಣುತ್ತವೆ, ಕರುಳಿನಿಂದ ಸೋರಿದ ರಕ್ತ ತೆಳುವಾದ ಹೊರಚರ್ಮದ ಮೂಲಕ ಹಾಗೆ ತೋರುತ್ತದೆ. ಮೂರನೆಯ ಡೋಸಿನ ನಂತರದ ವಾರಗಳಲ್ಲಿ ಇಂಥವು ಕಣ್ಣಿಗೆ ಬಿದ್ದರೆ ಅದು ಒಳ್ಳೆಯ ಗುರುತು.

ಇನ್ನಷ್ಟು ಖಚಿತತೆ ಬೇಕಾದವರು ಮೊಟ್ಟೆಯ ತೂಕ ನೋಡಬಹುದು. ಲಸಿಕೆಗೆ ಮುಂಚೆ ಒಮ್ಮೆ, ಮೂರನೆಯ ಡೋಸಾಗಿ ತಿಂಗಳ ನಂತರ ಒಮ್ಮೆ, ಪೂರ್ತಿ ಉಬ್ಬಿದ ಹತ್ತು ಹೆಣ್ಣು ಉಣ್ಣೆಗಳನ್ನು ಗಾಯವಾಗದಂತೆ ಬಿಡಿಸಿ, ಗ್ರಾಮಿನ ನೂರನೆಯ ಒಂದು ಭಾಗವನ್ನು ತೋರಿಸುವ ತಕ್ಕಡಿಯಲ್ಲಿ ತೂಗಬೇಕು. ಆಮೇಲೆ ಬಾಯಿಗೆ ದಟ್ಟ ನೇಯ್ಗೆಯ ಬಟ್ಟೆ ಕಟ್ಟಿದ ಶೀಶೆಯಲ್ಲಿಟ್ಟು, ಬೆಚ್ಚಗಿರುವ ಕತ್ತಲೆ ಜಾಗದಲ್ಲಿ, ಪಕ್ಕದಲ್ಲಿ ಒದ್ದೆ ಹತ್ತಿಯ ತಟ್ಟೆಯೊಂದನ್ನಿರಿಸಿ ಎರಡು ವಾರ ಬಿಡಬೇಕು. ಆರೋಗ್ಯವಂತ ಉಣ್ಣೆ ತನ್ನ ತೂಕದ ಅರ್ಧದಷ್ಟು ತೂಕದ ಮೊಟ್ಟೆಗಳನ್ನು ಕಂದುಬಣ್ಣದ ಹೊಳಪಿನ ಗೊಂಚಲಾಗಿ ಇಡುತ್ತದೆ. ಲಸಿಕೆಯ ರಕ್ತ ಕುಡಿದವುಗಳಲ್ಲಿ ಕೆಲವು ಮೊಟ್ಟೆಯಿಡದೆ ಕಪ್ಪಾಗಿ ಸಾಯುತ್ತವೆ, ಉಳಿದವುಗಳ ಗೊಂಚಲು ಸಣ್ಣದು. ಎರಡೂ ಬಾರಿಯ ಮೊಟ್ಟೆಯ ತೂಕವನ್ನು ಹೋಲಿಸಿದರೆ ಉತ್ತರ ಸಿಗುತ್ತದೆ. ತೂಗಿದ ಕೂಡಲೇ ಶೀಶೆಯಲ್ಲಿರುವುದನ್ನೆಲ್ಲ ಕುದಿಯುವ ನೀರಿಗೆ ಹಾಕಬೇಕು. ಮರಿಗಳು ಹೊರಬರುವವರೆಗೆ ಮರೆತುಬಿಟ್ಟರೆ ಬಟ್ಟೆಯ ಸಂದಿನಿಂದಲೂ ನುಸುಳುತ್ತವೆ.

ಒಂಬತ್ತನೆಯ ಹಂತ: ರೋಗದ ಮೇಲಿನ ನಿಗಾ

ಉಣ್ಣೆ ಕಡಿಮೆಯಾಗುವುದರಿಂದಲೇ ಹುಟ್ಟುವ ಅಪಾಯವೊಂದು ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಬೆಬೀಸಿಯ ಇರುವ ಪ್ರದೇಶದಲ್ಲಿ ಹುಟ್ಟಿದ ಕರುಗಳಿಗೆ ಎಳೆತನದಲ್ಲೇ ಸೋಂಕು ತಗಲುತ್ತದೆ. ಆ ವಯಸ್ಸಿನಲ್ಲಿ ರೋಗ ಸಾಮಾನ್ಯವಾಗಿ ಹಗುರ, ಗುಣವಾದ ಮೇಲೆ ಬಹುಕಾಲದ ರಕ್ಷಣೆ ಉಳಿಯುತ್ತದೆ. ಉಣ್ಣೆಗಳು ತೀರ ಕಡಿಮೆಯಾಗಿ, ಪೂರ್ತಿ ಇಲ್ಲವಾಗದೆ ಉಳಿದರೆ, ಸೋಂಕನ್ನೇ ಕಾಣದೆ ಬೆಳೆದ ಕಡಸು ದೊಡ್ಡದಾದ ಮೇಲೆ ಮೊದಲ ಬಾರಿಗೆ ಸೋಂಕಿಗೆ ಸಿಕ್ಕಿ ತೀವ್ರವಾಗಿ ಕಾಯಿಲೆ ಬೀಳಬಹುದು. ಕ್ಯೂಬಾದ ಕಾರ್ಯಕ್ರಮದಲ್ಲಿ ರಕ್ತದ ರೋಗಗಳ ಪ್ರಮಾಣವೂ ಇಳಿದಿದೆ ಎಂಬುದು ಸಮಾಧಾನದ ವಿಷಯ, ಆದರೂ ನಿಗಾ ತಪ್ಪಬಾರದು. ತೀವ್ರ ಜ್ವರ, ಕೆಂಪು ಅಥವಾ ಕಾಫಿ ಬಣ್ಣದ ಮೂತ್ರ, ಬಿಳಿಚಿದ ಅಥವಾ ಹಳದಿಯಾದ ಕಣ್ಣಿನ ಒಳಪೊರೆ, ಊದಿದ ದುಗ್ಧಗ್ರಂಥಿ ಇವುಗಳಲ್ಲಿ ಯಾವುದು ಕಂಡರೂ ಅಂದೇ ರಕ್ತದ ಲೇಪಪರೀಕ್ಷೆ (ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವುದು) ಮಾಡಿಸಬೇಕು. ಆ ರೋಗಗಳ ಪ್ರತ್ಯೇಕ ಲಸಿಕೆ ಲಭ್ಯವಿರುವ ಕಡೆ ಅದನ್ನೂ ಯೋಜನೆಯಲ್ಲಿ ಸೇರಿಸಿಕೊಳ್ಳುವ ಬಗ್ಗೆ ಪಶುವೈದ್ಯರನ್ನು ಕೇಳಬೇಕು.

ನಿರೀಕ್ಷಿಸಿದ ಫಲ ಬಾರದಿದ್ದರೆ

ಉಣ್ಣೆಯ ಮುಂದಿನ ಎರಡು ಮೂರು ಪೀಳಿಗೆ ಕಳೆದು, ಅಂದರೆ ಬೆಚ್ಚಗಿನ ಕಾಲದ ಆರೇಳು ತಿಂಗಳ ನಂತರವೂ ಎಣಿಕೆ ಇಳಿಯದಿದ್ದರೆ ಕಾರಣವನ್ನು ಒಂದೊಂದಾಗಿ ತಳ್ಳಿಹಾಕುತ್ತ ಬರಬೇಕು. ಡೋಸುಗಳ ದಿನಾಂಕ ತಪ್ಪಿತ್ತೇ ಎಂದು ಪುಸ್ತಕ ಹೇಳುತ್ತದೆ. ತಂಪು ಕೆಟ್ಟಿತ್ತೇ ಎಂಬುದನ್ನು ಫ್ರಿಜ್‌ನಲ್ಲಿಟ್ಟ ಥರ್ಮಾಮೀಟರಿನ ದಾಖಲೆ ಹೇಳುತ್ತದೆ, ಅದಿಲ್ಲದಿದ್ದರೆ ಇನ್ನಾದರೂ ಇಡಬೇಕು. ಲಸಿಕೆಯಾಗದ ರಾಸುಗಳು ಬಯಲಿಗೆ ಬರುತ್ತಿವೆಯೇ ಎಂದು ನೋಡಬೇಕು. ಇವೆಲ್ಲ ಸರಿಯಿದ್ದರೆ ಉಣ್ಣೆಯ ಜಾತಿಯನ್ನು ಇನ್ನೊಮ್ಮೆ ಪರೀಕ್ಷೆಗೆ ಕಳುಹಿಸಬೇಕು. ಬಿಎಂ86 ತಾಗದ ಇನ್ನೊಂದು ಜಾತಿ ಅಥವಾ ತಳಿ ಬೆರೆತಿರಬಹುದು. ಹಾಗಿದ್ದರೆ ಅದೇ ಲಸಿಕೆಯನ್ನು ಇನ್ನೂ ಎರಡು ಬಾರಿ ಚುಚ್ಚಿಸಿದರೂ ಪ್ರಯೋಜನವಿಲ್ಲ, ಔಷಧಿಯ ಸರಿಯಾದ ಸರದಿ ಮತ್ತು ಮೇವಿನ ಬಯಲಿಗೆ ಬಿಡುವು ಕೊಡುವ ಕ್ರಮಕ್ಕೆ ಮರಳಬೇಕು.

ಹೊಸದಾಗಿ ಕೊಂಡು ತಂದ ರಾಸುಗಳನ್ನು ನೇರವಾಗಿ ಮಂದೆಗೆ ಬಿಡದೆ, ಉಣ್ಣೆಗೆ ಔಷಧಿ ಹಾಕಿ 3 ವಾರ ಬೇರೆ ಕಟ್ಟಿ, ಮೊದಲ ಡೋಸಿನಿಂದಲೇ ಆರಂಭಿಸಿ ಪೂರ್ತಿ ಕ್ರಮವನ್ನು ಮುಗಿಸಬೇಕು. ವರ್ಧಕ ಡೋಸಿನ ದಿನ ಅವುಗಳನ್ನು ಉಳಿದವುಗಳೊಡನೆ ಸೇರಿಸಿ ಒಂದೇ ಡೋಸ್ ಕೊಟ್ಟರೆ ಸಾಲದು, ಏಕೆಂದರೆ ಮೊದಲಿನ ಡೋಸುಗಳಿಲ್ಲದೆ ವೃದ್ಧಿಸಲು ಅವುಗಳ ರಕ್ತದಲ್ಲಿ ಏನೂ ಇರುವುದಿಲ್ಲ. ಅದೇ ಬಯಲಿನಲ್ಲಿ ಹುಟ್ಟಿದ ಕರುಗಳಿಗೂ ಚೀಟಿ ಹೇಳುವ ವಯಸ್ಸು ತುಂಬಿದ ಕೂಡಲೇ ಇದೇ ಕ್ರಮ ಅನ್ವಯಿಸುತ್ತದೆ, ಆದ್ದರಿಂದ ಕರು ಹುಟ್ಟಿದ ದಿನಾಂಕವನ್ನೂ ಉಣ್ಣೆಯ ಪುಸ್ತಕದಲ್ಲೇ ಬರೆದಿಡುವುದು ಅನುಕೂಲ.